ಮುಟ್ಟದೆ ಹೊರಟ ಸಾಹೇಬರು

ಊರಿಗೆ ಊರೇ ಒಂದೇ ಸೂರಿನಡಿ ಸಾಲಾಗಿ ಬಾಳುವ ಉದ್ದಮನೆಯ ಯಜಮಾನ ಜಾರಾವ್‌ಗೆ ಮನೆತನದ ಮಾನ ಕಾಪಾಡುವ ಹುಮ್ಮಸ್ಸು ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಈ ಸಲ ಅದು ವಕ್ಕರಿಸಿದ್ದು ಬಾಲವಾಡಿಯ ಟೀಚರ್ ಲೆಮಿಯಾಗೆ.

ಬಾಲವಾಡಿ ನಡೆಯುತ್ತಿದ್ದದ್ದು ಉದ್ದಮನೆಯ ಪಡಸಾಲೆಯಲ್ಲೇ. ಮಕ್ಕಳಿಗೆ ಮೊದಲು ಮನೆಮಾತಾದ ಇಬಾನ್‌ನಲ್ಲಿ ಕತೆ, ಹಾಡು. ಅದರ ಬೆನ್ನಿಗೇ ಮೆಲ್ಲಗೆ ಸರ್ಕಾರಿ ಭಾಷೆಯಾದ ಮಲಯ. ಈ ತರಗತಿ ಇರಬೇಕೋ ಬೇಡವೋ ಎಂದು ನೋಡಲು ಅಂದು ಪೇಟೆಯಿಂದ ಅಧಿಕಾರಿ ಬರುವವರಿದ್ದರು. ಮುಚ್ಚಿದರೆ ಮಕ್ಕಳೆಲ್ಲ ಪೇಟೆಯ ಶಾಲೆಗೆ ಹೋಗಬೇಕು. ಅಲ್ಲಿ ಮಲಯ ಬಿಟ್ಟು ಬೇರೆ ಮಾತಿಲ್ಲ. ಬಾಲವಾಡಿ ಶುರುವಾಗುವ ಮುಂಚೆ ಲೆಮಿಯಾಳ ಮಗ ಉಂಗಟ್ ಅಲ್ಲಿಗೆ ಹೋಗಿದ್ದ. ಉಚ್ಚೆಗೆ ಹೋಗಬೇಕೆಂದು ಕೇಳಲು ಮಾತು ಬಾರದೆ ಕೂತಲ್ಲೇ ಒದ್ದೆ ಮಾಡಿಕೊಂಡ. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಹುಡುಗ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಈಗ ಮನೆಯಲ್ಲೂ ತಲೆಯಾಡಿಸುತ್ತಾನೆ, ಅಷ್ಟೆ. ಕಿರಿಯವಳು ಸೆಂದಿಗೆ ಐದು ತುಂಬಿತ್ತು. ಅವಳ ಮಾತಾದರೂ ಉಳಿಯಲಿ ಎಂಬುದೊಂದೇ ತಾಯಿಯ ಹಂಬಲ.

ಬೆಳಗ್ಗೆ ನೋಡಿದರೆ ಮಕ್ಕಳು ತಲೆಗೆ ಎಣ್ಣೆ ಸುರಿಸಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದವು.

"ಯೋಚ್ನೆ ಬಿಡು ಉಂಗಟನವ್ವ," ಎಂದ ಜಾರಾವ್. "ಎಲ್ಲಾರಿಗೂ ಮಲಯದಾಗೆ ಒಂದು ಮಾತು ಬಾಯಿಪಾಠ ಮಾಡ್ಸಿದೀನಿ. ಅದು ಬಿಟ್ಟು ಬೇರೆ ಉಸಿರಿದ್ರೆ ಚರ್ಮ ಸುಲೀತೀನಿ ಅಂದಿದೀನಿ."

"ಅಯ್ಯೋ ಅಜ್ಜಾ! ಅವರು ನೋಡಕ್ಕೆ ಬರ್ತಿರೋದೇ ನಮ್ಮ ಮಾತಿನ ತರಗತೀನ!"

"ಪೇಟೆಯವ್ರ ಮುಂದೆ ಕಾಡುಭಾಷೆ ಆಡಿ ಮಾನ ಕಳೀಬೇಕಾ? ಚೆನ್ನಾಗೈತೆ ನಿನ್ ಬುದ್ಧಿ!" ಪಕ್ಕದ ಬಾಗಿಲಿನ ಸುಲಾವನವ್ವ ಒಗ್ಗರಣೆ ಹಾಕಿದಳು.

ದೋಣಿಯ ಓಲಾಟಕ್ಕೆ ಮುಖ ಕಿವುಚಿಕೊಂಡು ಅಧಿಕಾರಿ ಬಂದರು. ಮೊದಲ ಮಗುವನ್ನು ಮಲಯದಲ್ಲಿ ಕೇಳಿದರು: "ನಿನ್ನ ಹೆಸರೇನು ಮರಿ?"

"ನಾವು ಚೆನ್ನಾಗಿದ್ದೇವೆ ಸಾಹೇಬರೇ, ವಂದನೆಗಳು."

ಕೋಳಿಯ ಚಿತ್ರ ತೋರಿಸಿ, "ಇದೇನು?"

"ನಾವು ಚೆನ್ನಾಗಿದ್ದೇವೆ ಸಾಹೇಬರೇ, ವಂದನೆಗಳು."

ಹೆದರಿ ಅಳುತ್ತಿದ್ದ ಮಗುವೂ ಸಿಂಬಳ ಸುರಿಸುತ್ತಲೇ ತಾನು ಚೆನ್ನಾಗಿರುವುದಾಗಿ ಹೇಳಿತು. ಲೆಮಿಯಾ ಇಬಾನ್‌ನಲ್ಲಿ ಪುಸಲಾಯಿಸಿದಳು. ಮಕ್ಕಳು ಜಾರಾವ್‌ನ ಮುಖ ನೋಡಿ ತುಟಿ ಹೊಲಿದುಕೊಂಡವು.

"ಯಾವ ಮಾತೂ ಬರಲ್ಲ ಇವಕ್ಕೆ," ಎಂದು ಅಧಿಕಾರಿ ಎದ್ದುಬಿಟ್ಟರು. ಸುಲಾವನವ್ವ ಬಿದಿರಲ್ಲಿ ಬೇಯಿಸಿದ ಕೋಳಿ ತಂದು ಹಿಡಿದಳು. "ಹೊಟ್ಟೆ ತೊಳಸ್ತಿದೆ, ಬೇಡಮ್ಮ," ಎಂದು ದೋಣಿಯತ್ತ ನಡೆದರು.

ಉದ್ದಮನೆಯ ಕಟ್ಟಳೆ ಬೇರೆ. ನೀಡಿದ್ದನ್ನು ತಿನ್ನದಿದ್ದರೂ ಬೆರಳ ತುದಿಯಲ್ಲಿ ಮುಟ್ಟಲೇಬೇಕು. ಮುಟ್ಟದೆ ಹೊರಟವನನ್ನು ಹಾವೋ ಮೊಸಳೆಯೋ ಬಿಡುವುದಿಲ್ಲ. ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಆದರೆ ಸಾಹೇಬರಿಗೆ ಹೇಳುವುದು ಹೇಗೆಂದು ದೊಡ್ಡವರು ಸಂಕೋಚದಲ್ಲಿ ಕೈ ಹಿಸುಕುತ್ತ ನಿಂತರು. ಸೆಂದಿಗೆ ಜಾರಾವ್‌ಗಿಂತ ಮೊಸಳೆಯ ಭಯ ಹೆಚ್ಚಾಯಿತು. ಓಡಿಹೋಗಿ ಇಬಾನ್‌ನಲ್ಲಿ ಕೂಗಿದಳು. ಅವರಿಗೆ ತಿಳಿಯಲಿಲ್ಲವೆಂದು ಕಂಡೊಡನೆ ಮಲಯಕ್ಕೆ ಹೊರಳಿದಳು.

"ನಿಲ್ಲಿ ಸಾಹೇಬ್ರೇ! ತಿನ್ಬೇಡಿ, ಸುಮ್ನೆ ಬೆರಳಲ್ಲಿ ಮುಟ್ಟಿ! ಇಲ್ದಿದ್ರೆ ಮೊಸಳೆ ಎಳ್ಕೊಂಡು ಹೋಗತ್ತೆ!"

"ನಮ್ಮ ಚಿಕ್ಕಪ್ಪಂಗೆ ಹಂಗೇ ಆಯ್ತು!" ಇನ್ನೊಬ್ಬ ಮಲಯದಲ್ಲೇ ಸೇರಿಸಿದ. "ಕಾಫಿ ಮುಟ್ಟಿರ್ಲಿಲ್ಲ, ಹಾವು ಕಚ್ತು!"

ಮಕ್ಕಳ ಹಿಂಡೇ ಸಾಹೇಬರ ಪ್ಯಾಂಟು ಹಿಡಿದು ಜಗ್ಗಿತು. ಅವರು ಬೆಪ್ಪಾಗಿ ಕೋಳಿ ಮುಟ್ಟಿದರು. ಲೆಮಿಯಾಳ ಕಣ್ಣು ತುಂಬಿ ಬಂತು. ತಾನು ಕಲಿಸಿದ್ದೆಲ್ಲ ಎರಡೂ ಮಾತಿನಲ್ಲಿ ಉಕ್ಕುತ್ತಿತ್ತು. ತರಗತಿ ಉಳಿಯಿತು ಎಂದುಕೊಂಡಳು.

"ಭೇಷ್ ಟೀಚರ್!" ಎಂದರು ಅಧಿಕಾರಿ. "ಇಷ್ಟು ಚೆನ್ನಾಗಿ ಮಲಯ ಬರೋ ಮಕ್ಕಳಿಗೆ ಮನೆಮಾತಿನ ತರಗತಿ ಯಾಕೆ? ಮುಚ್ಚೋಣ. ಮುಂದಿನ ವಾರದಿಂದ ಎಲ್ಲರೂ ಪೇಟೆ ಶಾಲೆಗೇ ಬರಲಿ."

ಲೆಮಿಯಾ ಅವರ ಹಿಂದೆಯೇ ದೋಣಿಯವರೆಗೆ ನಡೆದಳು. "ಸಾರ್... ಇವು ಬಾಯಿ ಬಿಡದೇ ಇದ್ದಿದ್ರೆ?"

"ಆಗ ಇಂಥ ತರಗತಿಯಿಂದ ಪ್ರಯೋಜನ ಇಲ್ಲ ಅಂತ ಮುಚ್ಚಿಸ್ತಿದ್ದೆ."

ದೋಣಿ ಹೊರಟಿತು. ಮಾನ ಉಳಿಯಿತೆಂದು ಜಾರಾವ್ ಜಾಗಟೆ ಬಾರಿಸಿದ. ಸೆಂದಿ ಏದುಸಿರು ಬಿಡುತ್ತ ಬಂದು ತಾಯಿಯ ಕೈ ಹಿಡಿದಳು.

"ಅವ್ವಾ, ಸಾಹೇಬ್ರನ್ನ ಉಳಿಸಿದ್ವಾ?"

"ಹೂಂ ಮಗಳೇ," ಎಂದಳು ಲೆಮಿಯಾ, "ಅವರನ್ನ ಉಳಿಸಿದ್ರಿ."