ಚನ್ನುವಿನ ನಾಲ್ಕು ಹೆಜ್ಜೆ

ಮಕ್ಕಳಿಗೂ ಮೈಲಿಗಲ್ಲುಗಳಿರುತ್ತವೆ ಎಂದು ನಾನು ಮೊದಲು ಕೇಳಿದ್ದು ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಒಂದು ಶನಿವಾರ, ಬದನೆಕಾಯಿಗೆ ಮಸಾಲೆ ತುಂಬುತ್ತ ಕೂತಿದ್ದಾಗ. ಸೊಸೆ ಸುಹಾಸಿನಿ ಮಕ್ಕಳ ಡಾಕ್ಟರ ಹತ್ತಿರದಿಂದ ಬಣ್ಣಬಣ್ಣದ ತಖ್ತೆಯೊಂದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ಇದೇನವಾ, ಕ್ಯಾಲೆಂಡರೇನು?"

"ಅಲ್ರಿ ಅತ್ತಿ, ಚನ್ನುನ ಮೈಲ್‌ಸ್ಟೋನು. ಎಷ್ಟು ತಿಂಗಳಿಗೆ ಏನೇನು ಮಾಡಬೇಕು ಅಂತ ಇದರಾಗ ಐತಿ. ಅವ ಮಾಡಿದಂಗ ನಾವು ಟಿಕ್ ಹಾಕ್ಕೋತ ಹೋಗೂದು."

ಮೈಲಿಗಲ್ಲು ನನಗೇನು ಹೊಸದಲ್ಲ. ನಮ್ಮ ಯಜಮಾನರು ಹುಮನಾಬಾದ್ ರಸ್ತೆಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿ ಅವುಗಳಿಗೆ ಸುಣ್ಣ ಹೊಡೆಸಿದವರು. ಅವರ ಕಾಲದಲ್ಲಿ ಕಲ್ಲು ನಿಂತಿರುತ್ತಿತ್ತು, ಜನ ನಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ. ಕಲ್ಲುಗಳು ಒಂದೊಂದೇ ಮುಂದೆ ಸಾಗಿದವು, ನನ್ನ ಮೊಮ್ಮಗ ಕೂತಲ್ಲೇ ಕೂತ. ಹದಿನೈದು ತಿಂಗಳಿಗೆ ನಡೆಯಬೇಕೆಂದು ತಖ್ತೆಯ ಆಜ್ಞೆ. ಹದಿನೇಳಾದರೂ ಚನ್ನು ಗುಡಿಯ ಮುಂದಿನ ಬಸವಣ್ಣ! (ಹದಿನೆಂಟರ ತನಕ ಕಾಯಬಹುದೆಂದು ಡಾಕ್ಟರು ಬಾಯಲ್ಲಿ ಹೇಳಿದ್ದರಂತೆ. ಬಾಯಲ್ಲಿ ಹೇಳಿದ್ದು ಫ್ರಿಜ್ಜಿಗೆ ಅಂಟುವುದಿಲ್ಲ.)

ಮಗ ವಿಜಯಕುಮಾರ ರೈಲ್ವೆಯವನು, ನಮ್ಮ ಫ್ಲ್ಯಾಟು ಮಲ್ಕಾಜ್‌ಗಿರಿಯಲ್ಲಿ. ಸೊಸೆಯದು ಹೈಟೆಕ್ ಸಿಟಿಯ ಗಾಜಿನ ಕಟ್ಟಡದಲ್ಲಿ ಕೆಲಸ. ಬೆಳಗ್ಗೆ ಏಳಕ್ಕೆ ಕಂಪನಿಯ ವ್ಯಾನು ಬಂದು ಅವಳನ್ನು ನುಂಗಿದರೆ ರಾತ್ರಿ ಎಂಟಕ್ಕೆ ಉಗುಳುತ್ತಿತ್ತು. ನಡುವಿನ ಹದಿಮೂರು ತಾಸು ಚನ್ನು ನನ್ನವನು. ಮೂರನೇ ಇಯತ್ತೆ ಓದಿದ ಮುದುಕಿಗೆ, ಅದೂ ಗಂಡನಿಲ್ಲದ ಮೇಲೆ, ಇಷ್ಟು ದೊಡ್ಡ ಊರಲ್ಲಿ ಆಡಿದ ಮಾತನ್ನೆಲ್ಲ ಎದುರಾಡದೆ ಕೇಳುವವನು ಅವನೊಬ್ಬನೇ ಇದ್ದ.

ಎದುರು ಮನೆಯ ಅಹಲ್ಯಮ್ಮ ತೆಲುಗಿನವರು. ಅವರಲ್ಲೊಂದು ಪದ್ಧತಿ: ಮಗು ಏನು ಸಾಧಿಸಿದರೂ ಅದಕ್ಕೊಂದು ತಿಂಡಿ ಮಾಡಿ ಊರಿಗೆಲ್ಲ ಹಂಚಬೇಕು. ಬೋರಲು ಬಿದ್ದರೆ ಹೋಳಿಗೆ, ಕೂತರೆ ಕಡುಬು, ಹೆಜ್ಜೆಯಿಟ್ಟರೆ ಅರಿಸೆಲು, ಅಂದರೆ ನಮ್ಮ ಕಜ್ಜಾಯ. ಆಕೆಯ ಮೊಮ್ಮಗಳು ಚನ್ನುವಿಗಿಂತ ಮೂರು ವಾರ ಚಿಕ್ಕವಳು. ನಾನು ಹೋಳಿಗೆ ತಿಂದೆ, ಕಡುಬೂ ತಿಂದೆ. ಕಜ್ಜಾಯ ಮಾತ್ರ ಗಂಟಲಲ್ಲಿ ನಿಂತುಬಿಟ್ಟಿತು.

ಅದೇ ರಾತ್ರಿ ಊಟದ ಮುಂದೆ ಸೊಸೆ ಮಗನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಹದಿನೇಳು ತಿಂಗಳಾತು, ಇನ್ನೂ ನಡೀವಲ್ಲ. ಪ್ಲೇಸ್ಕೂಲಿಂದು ಏನ್ ಮಾಡೂದ್ರಿ?"

ಉಳಿದದ್ದನ್ನು ನಾನೇ ತಿಳಿದುಕೊಂಡೆ: ಮುದುಕಿ ನಡಿಗೆ ಕಲಿಸಲಿಲ್ಲ, ಆದ್ದರಿಂದ ಮಗು ಪ್ಲೇಸ್ಕೂಲಿಗೆ. ಚನ್ನು ಈ ವಾರ ನಡೆದೇ ತೀರುತ್ತಾನೆಂಬ ಭಂಡ ನಂಬಿಕೆಯಿಂದ ಮರುದಿನವೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದೆ. ಮೂರು ದಿನ ಅಕ್ಕಿ ನೆನೆಯಿತು. ಮೂರು ದಿನವೂ ಚನ್ನು ಕೂತ.

ನಾಲ್ಕನೇ ದಿನ ಪಾಕ ಹಿಡಿದು, ಹದ ನೋಡಲೆಂದು ಒಂದೇ ಒಂದು ಕಜ್ಜಾಯ ಕರಿದಿದ್ದೆ. ತೆಲುಗಿನವರ ಮೂಗಿಗೆ ಆ ವಾಸನೆಯ ಅರ್ಥ ಒಂದೇ. ಅಹಲ್ಯಮ್ಮ ಓಡಿ ಬಂದರು.

"ಪಾರ್ವತಮ್ಮಗಾರೂ! ಬಾಬು ನಡಿಚಾಡಾ? ಎಷ್ಟು ಹೆಜ್ಜೆ?"

ಇಲ್ಲ ಅನ್ನಬೇಕಾದ ಬಾಯಿ "ನಾಲ್ಕು" ಅಂದಿತು.

ಮಧ್ಯಾಹ್ನದೊಳಗೆ ಹದಿನೈದು ಮನೆಗೆ ಕಜ್ಜಾಯ ಹೋಯಿತು. ಸುಳ್ಳನ್ನು ಯಾರಾದರೂ ಹೇಳುತ್ತಾರೆ. ಮೂರು ದಿನ ನೆನೆಸಿ, ಕುಟ್ಟಿ, ತುಪ್ಪದಲ್ಲಿ ಕರಿದು, ಗಸಗಸೆ ಉದುರಿಸಿ ಬಡಿಸಿದವಳು ನಾನೊಬ್ಬಳೇ ಇರಬೇಕು.

ಅಹಲ್ಯಮ್ಮ ಸುಹಾಸಿನಿಯ ಆಫೀಸಿಗೂ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರಂತೆ. ರಾತ್ರಿ ಅವಳು ಚಪ್ಪಲಿ ಕಳಚದೆ ಒಳಗೆ ಬಂದಳು. ಕಣ್ಣಲ್ಲಿ ನೀರು.

"ನಾ ಇಲ್ಲದಾಗ ನಡದನಲ್ರಿ ಅತ್ತಿ! ಇನ್ನೊಮ್ಮೆ ನಡಸ್ರಿ, ನೋಡ್ತೀನಿ."

"ಬ್ಯಾಡವಾ! ಹೊಸಾ ಹೆಜ್ಜಿ, ನಾಕ್ ದಿನ ನೆಲಕ್ಕ ಬಿಡಬಾರದು. ದೃಷ್ಟಿ ತಾಗತೈತಿ."

"ಅವ್ವಾ, ಇದ್ಯಾವ ಶಾಸ್ತ್ರ?" ಅಂದ ಮಗ.

"ನಿಮ್ಮಪ್ಪನ ಕಡೇದು." (ಪಾಪ, ಅವರು ಬಂದು ಇಲ್ಲ ಅನ್ನುವ ಹಾಗಿರಲಿಲ್ಲ.)

ಸುಹಾಸಿನಿ ಕಣ್ಣೊರೆಸಿಕೊಂಡು ನಕ್ಕಳು. "ಹೋಗಲಿ ಬಿಡ್ರಿ. ಆಫೀಸಿನಿಂದನ ಪ್ಲೇಸ್ಕೂಲಿಗೆ ಫೋನ್ ಮಾಡಿ ಸೀಟ್ ಹಿಡದೀನಿ. ಸೋಮವಾರದಿಂದ."

"ಯಾಕ? ಈಗ ನಡೀತಾನಲ್ಲ!"

"ಅದಕ್ಕs ಅಲ್ರಿ! ನಡಿಯೂ ಮಕ್ಕಳನ್ನಷ್ಟ ತಗೋತಾರ ಅವರು. ಹೋದ ತಿಂಗಳು ಕೇಳಿದಾಗ ಇದs ಮಾತು ಹೇಳಿ ವಾಪಸ್ ಕಳಿಸಿದ್ರು. ನಿಮಗ ಬ್ಯಾಸರಾದೀತು ಅಂತ ಹೇಳಿದ್ದಿಲ್ಲ."

ಅಂದರೆ ಮಗುವನ್ನು ಮನೆಯಲ್ಲಿ ಉಳಿಸಿದ್ದೇ ಅವನು ನಡೆಯದಿದ್ದದ್ದು! ಕೋಟೆಯ ಬಾಗಿಲನ್ನು ನಾನೇ ಒಳಗಿನಿಂದ ತೆರೆದು, ಹದಿನೈದು ಮನೆಗೆ ಕಜ್ಜಾಯ ಹಂಚಿ ಸಂಭ್ರಮಿಸಿದ್ದೆ. ಸುಳ್ಳೆಂದು ಒಪ್ಪಲು ನಾಲಿಗೆ ಬರಲಿಲ್ಲ. ಉಳಿದದ್ದು ಒಂದೇ ದಾರಿ. ಸೋಮವಾರ ಪ್ಲೇಸ್ಕೂಲಿನವರೇ ನೋಡಿ, ನಡೆಯುವುದಿಲ್ಲವೆಂದು ವಾಪಸ್ ಕಳಿಸಲಿ. ಸುಳ್ಳುಬುರುಕಿ ಎನ್ನಿಸಿಕೊಂಡರೂ ಸರಿ, ಮಗು ಉಳಿದರೆ ಸಾಕು.

ಅಷ್ಟರಲ್ಲಿ ನಡಿಗೆ ಕಲಿತುಬಿಟ್ಟಾನೆಂದು ಮುಂದಿನ ಮೂರು ದಿನ ಚನ್ನುವಿನ ಪಾದಕ್ಕೆ ನೆಲ ಸೋಕಲು ಬಿಡಲಿಲ್ಲ. ಒಲೆಯ ಮುಂದೆ ಸೊಂಟದ ಮೇಲೆ, ಪೂಜೆಗೆ ಸೊಂಟದ ಮೇಲೆ, ಕೊತ್ತಂಬರಿ ಚೌಕಾಸಿಗೂ ಸೊಂಟದ ಮೇಲೆ. ಭಾನುವಾರ ಸಂಜೆಗೆ ನಾನು ಕುಡುಗೋಲಿನಂತೆ ಬಾಗಿದ್ದೆ. ಚನ್ನು ಮಾತ್ರ ಅಂಬಾರಿಯ ಮೇಲಿನ ಅರಸನಂತೆ ಪ್ರಸನ್ನನಾಗಿದ್ದ.

ಸೋಮವಾರ ಸುಹಾಸಿನಿ ಏಳರ ವ್ಯಾನು ಬಿಟ್ಟು, ಮುಂದಿನದಕ್ಕೆ ಅಲ್ಲಿಗೇ ಬರಹೇಳಿ ನಮ್ಮ ಜೊತೆ ಬಂದಳು. ಪ್ಲೇಸ್ಕೂಲಿನ ಟೀಚರಮ್ಮ ಚಾಪೆ ತೋರಿಸಿ, "ದಾದೀಮಾ, ಬಚ್ಚೇಕೋ ನೀಚೆ ಛೋಡೋ" ಎಂದಳು. ಬಿಟ್ಟೆ. ಚನ್ನು ನನ್ನ ಮುಖ ನೋಡಿದ, ಕೂತ. ಎರಡೂ ಕೈ ಮೇಲೆತ್ತಿದ.

ಹೊರಗೆ ಶೋಕದ ಮುಖ ಮಾಡಿ, ಒಳಗೆ ಮನೆದೇವರಿಗೆ ಕಾಯಿ ಒಡೆದೆ. ಸುಹಾಸಿನಿ ನನ್ನನ್ನೇ ದಿಟ್ಟಿಸಿದಳು.

"ಅತ್ತಿ, ಖರೇ ಹೇಳ್ರಿ. ಅವತ್ತ ನಡದಿದ್ನೋ ಇಲ್ಲೋ?"

ಒಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರಮ್ಮ ನನ್ನ ಸೊಂಟವನ್ನೊಮ್ಮೆ, ಚನ್ನುವಿನ ಎತ್ತಿದ ಕೈಗಳನ್ನೊಮ್ಮೆ ನೋಡಿ ನಕ್ಕಳು. "ದಾದೀಮಾ, ಆಪ್ ಜರಾ ಬಾಹರ್ ಜಾವ್."

ಹೋದೆ. ಬಾಗಿಲಾಚೆ ಚಪ್ಪಲಿಗೆ ಕಾಲು ಹಾಕುವಷ್ಟರಲ್ಲಿ ಒಳಗೆ ಚಪ್ಪಾಳೆ. ಎತ್ತಿಕೊಳ್ಳುವವಳು ಮರೆಯಾದಳೆಂದು ತಿಳಿದ ಕೂಡಲೇ ಬಸವಣ್ಣ ಎದ್ದು, ಪ್ಲಾಸ್ಟಿಕ್ ಆನೆಯ ತನಕ ಒಂಬತ್ತು ಹೆಜ್ಜೆ ನಡೆದಿದ್ದನಂತೆ. ಒಂಬತ್ತು! ನಾನು ಬರೀ ನಾಲ್ಕೆಂದು ಸಂಕೋಚ ಪಟ್ಟಿದ್ದೆ.

ಸುಹಾಸಿನಿ ಅಳುತ್ತ, ನಗುತ್ತ ಹೊರಬಂದು ನನ್ನ ಕೈ ಹಿಡಿದಳು. "ನೀವು ಹೇಳಿದ್ದು ಖರೇನ ಐತ್ರಿ ಅತ್ತಿ. ನಾನs ಸಂಶಯ ಪಟ್ಟೆ, ತಪ್ಪಾತು." ಸತ್ಯ ಹೇಳುವ ಕೊನೆಯ ಅವಕಾಶವೂ ಹಾಗೆ ಹೋಯಿತು.

ಕಂಪನಿಯ ವ್ಯಾನು ಬೀದಿಯಲ್ಲಿ ಹಾರ್ನ್ ಹೊಡೆಯಿತು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಅತ್ತಿ, ಒಂದು ಮಾತ್ರಿ. ಹನ್ನೆರಡಕ್ಕ ಬಿಡ್ತಾರ, ಕರಕೊಂಡು ಹೋಗಾಕ ನೀವs ಬರ್ರಿ. ಆದ್ರ ಗೇಟಿನ ಮುಂದ ನಿಂದರಬ್ಯಾಡ್ರಿ. ಆ ಇಸ್ತ್ರಿ ಬಂಡಿ ಐತಲ್ಲ, ಅದರ ಹಿಂದ ನಿಂದರ್ರಿ. ನೀವು ಕಂಡ್ರಂದ್ರ ಅವ ಮತ್ತ ಕೂತಬಿಡ್ತಾನ."