ಪೆಡಲಿನ ಮೇಲೆ ಒಂದು ಕಾಲು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರಾಗಿದ್ದವನು ನಾನು. ದೂರದಲ್ಲಿ ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅಂಗಡಿಬೀದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಕಲ್ಲಂಗಡಿಗಳು ಹೆದರಿ ನೂರು ಗ್ರಾಂ ಇಳಿದದ್ದೂ ಉಂಟು. ಅಂಥ ನನ್ನನ್ನು, ಒಂದೊಂದೂ ಎರಡು ಕಿಲೋ ತೂಗದ ಐದು ಕೋಳಿಗಳು ಹೇಗೆ ಮಟ್ಟಹಾಕಿದವೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ನಾನೇ ಹೇಳಿಬಿಡುವುದು ಲೇಸು. ನನ್ನ ಹೆಂಡತಿ ಹೇಳಿದರೆ ಅದರಲ್ಲಿ ಉಪ್ಪುಖಾರ ಜಾಸ್ತಿಯಾಗುತ್ತದೆ.

ಎಲ್ಲ ಶುರುವಾದದ್ದು ಮಗಳ ಫೋನಿನಿಂದ. "ಅಪ್ಪಾ, ಪಾಪು ಗೋಡೆ ಹಿಡ್ಕೊಂಡು ನಿಲ್ತಿದಾಳೆ. ಇನ್ನೇನು ನಡೆದೇ ಬಿಡ್ತಾಳೆ. ಬೇಗ ಬನ್ನಿ, ಇಲ್ದಿದ್ರೆ ತಪ್ಪಿಹೋಗುತ್ತೆ."

ನನ್ನ ಮೊದಲ ಮೊಮ್ಮಗಳ ಮೊದಲ ಹೆಜ್ಜೆ! ಅದು ನನ್ನ ಕಡೆಗೇ ಬೀಳಬೇಕೆಂದು ನಾನು ಅವಳು ಹುಟ್ಟಿದ ದಿನವೇ ತೀರ್ಮಾನಿಸಿದ್ದೆ. ಅಂದೇ ಓಡಿ ಎರಡು ಬಸ್ ಟಿಕೆಟ್ ತಂದೆ. ಎರಡು ವಾರ ಬಿಟ್ಟು ಹೊರಡುವುದು, ಹತ್ತು ದಿನ ಮಗಳ ಮನೆಯಲ್ಲಿರುವುದು.

"ಕೋಳಿಗಳಿಗೆ ಕಾಳು ಹಾಕೋರು ಯಾರು?" ಎಂದಳು ಹೆಂಡತಿ, ಟಿಕೆಟ್ಟನ್ನು ತನ್ನ ಪರ್ಸಿಗೆ ಸೇರಿಸುತ್ತಾ.

"ಎದುರುಮನೆ ಟೈಲರು."

"ಹೋದ ಸಲ ಅವರ ನಾಲ್ಕು ಗುಂಡಿ ನುಂಗಿದಾವೆ ನಿಮ್ಮ ಕೋಳಿಗಳು. ಗುಂಡಿ ಹಾಕಿರೋ ಅಂಗಿ ತೊಟ್ಕೊಂಡು ನಮ್ಮ ಕಾಂಪೌಂಡಿಗೆ ಕಾಲಿಡಲ್ಲ ಅಂದಿದಾರೆ."

ಉಳಿದವನು ನನ್ನ ಭಾಮೈದ. ವಿಷಯ ತಿಳಿಯುತ್ತಲೇ ಬಂದು, ಕೋಳಿಗಳನ್ನು ಒಂದೊಂದಾಗಿ ತೊಡೆಯಿಂದ ಎದೆಯವರೆಗೆ ಕಣ್ಣಲ್ಲೇ ಸವರಿದ. "ಚಿಂತೆ ಬಿಡಿ ಭಾವ. ನಮ್ಮನೇಲಿ ಬಿಟ್ಟು ಹೋಗಿ. ಪ್ರೀತಿಯಿಂದ ನೋಡ್ಕೋತೀನಿ."

"ಐದು ಕೊಟ್ರೆ ಎಷ್ಟು ವಾಪಸ್ ಕೊಡ್ತೀಯ?"

"ಲೆಕ್ಕ ಇಟ್ಕೊಂಡು ಪ್ರೀತಿ ಮಾಡೋಕಾಗುತ್ತಾ ಭಾವ?"

ಆಗ ನನ್ನ ತಲೆಯಲ್ಲಿ ಆ ಪೆಟ್ಟಿಗೆ ಉದ್ಭವಿಸಿತು. ತಗಡಿನ ಪೆಟ್ಟಿಗೆ, ಒಳಗೆ ಹತ್ತು ದಿನದ ಕಾಳು, ಮೇಲೊಂದು ಮುಚ್ಚಳ, ಮುಂದೆ ಒಂದು ಪೆಡಲ್. ಕೋಳಿ ಪೆಡಲ್ ಹತ್ತಿದರೆ ಮುಚ್ಚಳ ಏಳುತ್ತದೆ, ಇಳಿದರೆ ಬೀಳುತ್ತದೆ. ಸ್ಪ್ರಿಂಗನ್ನು ಸರಿಯಾಗಿ ಒಂದೂಕಾಲು ಕಿಲೋಗೆ ನಿಲ್ಲಿಸಿದೆ. ಕೋಳಿಗೆ ತೆರೆಯಬೇಕು, ಇಲಿಗೆ ತೆರೆಯಬಾರದು. (ಅದಕ್ಕಾಗಿ ಐದೂ ಕೋಳಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಆಮೇಲೆ ಆ ತಕ್ಕಡಿಯನ್ನು ಏಳು ಸಲ ತೊಳೆದೆ. ಎಂಟನೆಯ ಸಲ ಹೆಂಡತಿ ತೊಳೆದಳು, ನನ್ನ ಕಡೆ ನೋಡುತ್ತಾ.)

ಪೆಟ್ಟಿಗೆಯನ್ನು ತಂದಿಟ್ಟ ವೆಲ್ಡರ್ ಒಂದು ಮಾತು ಹೇಳಿದ. "ಸಾರ್, ಮೊದಲ ವಾರ ಮುಚ್ಚಳಾನ ದಾರದಲ್ಲಿ ಎತ್ತಿ ಕಟ್ಟಿಬಿಡಿ. ತಿಂದು ರೂಢಿ ಆಗ್ಲಿ. ಆಮೇಲೆ ದಾರ ಬಿಚ್ಚಿ, ತಾವೇ ತುಳೀತವೆ."

ದಾರ! ನನ್ನ ರಕ್ತ ಕುದಿಯಿತು. ನನ್ನ ಸೇವಾವಧಿಯಲ್ಲಿ ತಟ್ಟೆಯಡಿ ದಾರ ಕಟ್ಟಿದ್ದ ಅರವತ್ಮೂರು ತಕ್ಕಡಿಗಳನ್ನು ಜಪ್ತಿ ಮಾಡಿದವನು ನಾನು. "ತೂಕದ ಮೇಲೆ ನಡೆಯೋ ಯಂತ್ರಕ್ಕೆ ದಾರ ಕಟ್ಟೋದು ಅಂದ್ರೆ ಏನು ಗೊತ್ತೇನಯ್ಯಾ? ಮೋಸ! ನಮ್ಮ ಹಿತ್ತಲಲ್ಲಿ ಅದು ನಡೆಯೋದಿಲ್ಲ."

ವೆಲ್ಡರ್ ನನ್ನ ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡಿದಳು.

ದಾರದ ಬದಲು ನಾನೇ ಪೆಡಲಿನ ಮೇಲೆ ಕಾಲಿಟ್ಟು ಪ್ರಾತ್ಯಕ್ಷಿಕೆ ಕೊಟ್ಟೆ. ಮುಚ್ಚಳ 'ಟಣ್' ಎಂದು ಎದ್ದ ಸದ್ದಿಗೆ ಐದೂ ಕೋಳಿಗಳು ಕಾಂಪೌಂಡ್ ಗೋಡೆ ಹತ್ತಿ ಕೂತವು. ಒಂದು ದಿನ ಪೂರ್ತಿ ಉಪವಾಸ ಸತ್ಯಾಗ್ರಹ. ಎರಡನೆಯ ದಿನ ಹಿರಿಯಳಾದ ಬೂದುಬಣ್ಣದ ಹೆಡ್‌ಮಿಸ್ಟ್ರೆಸ್ (ನಡಿಗೆ ಹಾಗಿತ್ತು, ಅದಕ್ಕೆ ಆ ಹೆಸರು) ಇಳಿದು ಬಂದು ಕಾಳಿಗೆ ಕೊಕ್ಕಿಟ್ಟಳು. ಉಳಿದವು ಹಿಂಬಾಲಿಸಿದವು. ಗೆದ್ದೆನೆಂದು ನಾನು ಕಾಲು ತೆಗೆದೆ. ಮುಚ್ಚಳ ಬಿತ್ತು. ಐದೂ ತಲೆಗಳು ಮೇಲೆದ್ದು, ಕಚೇರಿಯ ಕಿಟಕಿ ಊಟದ ಹೊತ್ತಿಗೆ ಮುಚ್ಚಿದಾಗ ಜನ ನೋಡುವ ಹಾಗೆ ನನ್ನನ್ನು ನೋಡಿದವು.

ಹೆಡ್‌ಮಿಸ್ಟ್ರೆಸ್ಸನ್ನು ಎತ್ತಿ ಪೆಡಲಿನ ಮೇಲೆ ನಿಲ್ಲಿಸಿದೆ. ಮುಚ್ಚಳ ಎದ್ದಿತು. ಇಳಿದಳು, ಬಿದ್ದಿತು. ಇಪ್ಪತ್ತು ಸಲ ನಿಲ್ಲಿಸಿದೆ. ಇಪ್ಪತ್ತು ಸಲವೂ ಸರ್ಕಾರಿ ಆಸ್ತಿಯ ಮೇಲೆ ತಪ್ಪಿ ಕಾಲಿಟ್ಟವಳಂತೆ ಕೆಳಗೆ ಹಾರಿದಳು. ಇಪ್ಪತ್ತೊಂದನೆಯ ಸಲ ನನ್ನ ಹೆಬ್ಬೆರಳನ್ನು ಕುಕ್ಕಿದಳು. ನನ್ನ ಕಾಲು ಪೆಡಲಿಗೆ ಬಿದ್ದರೆ ಮಾತ್ರ ಐದೂ ಓಡಿಬರುತ್ತಿದ್ದವು.

"ಏನ್ರೀ, ಕಲಿತವಾ?" ಹೆಂಡತಿ ದಿನವೂ ಅಡುಗೆಮನೆ ಕಿಟಕಿಯಿಂದ ವಿಚಾರಿಸುತ್ತಿದ್ದಳು.

"ಕಲೀತಿವೆ."

"ಏನು ಕಲೀತಿವೆ?"

"ಮುಚ್ಚಳ ತೆರೆದಾಗ ತಿನ್ನೋದು."

"ಅದು ನಮ್ಮ ತಮ್ಮನಿಗೂ ಬರುತ್ತೆ. ಸುಮ್ನೆ ದಾರ ಕಟ್ರೀ!"

"ತಲೆ ಹೋದ್ರೂ ಕಟ್ಟಲ್ಲ."

"ತಲೆ ಎಲ್ಲಿದೆ ಹೋಗೋಕೆ? ಅಲ್ಲಿ ಪಾಪು ಕಾಯ್ತಿದಾಳೆ, ಇಲ್ಲಿ ನೀವು ಒಂಟಿಕಾಲಲ್ಲಿ ಕೊಕ್ಕರೆ ಥರ ನಿಂತಿದೀರಿ."

ನಿಜ, ನಿಂತಿದ್ದೆ. ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಪತ್ರಿಕೆಯನ್ನು ಅಲ್ಲೇ ಓದಿದೆ, ಗಡ್ಡವನ್ನು ಅಲ್ಲೇ ಹೆರೆದುಕೊಂಡೆ. ಹತ್ತು ದಿನಗಳಲ್ಲಿ ನನ್ನ ಬಲಗಾಲು ಎಡಗಾಲಿಗಿಂತ ಒಂದಂಗುಲ ಉದ್ದವಾಯಿತು. ಕೋಳಿಗಳು ಮಾತ್ರ ಪೆಡಲಿಗೆ ಉಗುರೂ ತಾಗಿಸಲಿಲ್ಲ.

ಹೊರಡುವ ದಿನ ಬಂತು. ಕೋಳಿಗಳು ತಾವಾಗಿ ತಿಂದಿದ್ದರೆ ನಾನು ಬಸ್ಸಿನಲ್ಲಿರುತ್ತಿದ್ದೆ. ನನ್ನ ಕಿಟಕಿ ಪಕ್ಕದ ಸೀಟಿನಲ್ಲಿ ಭಾಮೈದ ಕೂತಿದ್ದ. "ಟಿಕೆಟ್ ದಂಡ ಆಗಬಾರದಲ್ಲ ಭಾವ," ಎಂದು ನನಗೆ ಸಮಾಧಾನ ಹೇಳಿ, ನನಗೆಂದು ಹೆಂಡತಿ ಕಟ್ಟಿದ್ದ ಬುತ್ತಿಯನ್ನು ಬಸ್ಸು ಹೊರಡುವ ಮೊದಲೇ ಬಿಚ್ಚಿದ.

ಮೂರು ದಿನ ನಾನೊಬ್ಬನೇ ಕರ್ತವ್ಯ ನಿರ್ವಹಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾದವನಿಗೆ ನಿದ್ದೆ ಹತ್ತಿಬಿಟ್ಟಿತು. ಫೋನ್ ಬಡಿದಾಗ ಎದ್ದರೆ ನಾಲ್ಕೂವರೆ! ಮಧ್ಯಾಹ್ನದ ಪಾಳಿ ತಪ್ಪಿಹೋಗಿತ್ತು.

"ರೀ! ನಡೆದ್ಳು ರೀ!" ಹೆಂಡತಿಯ ದನಿ ಫೋನನ್ನು ಸೀಳಿಕೊಂಡು ಬಂತು. "ನಾಲ್ಕು ಹೆಜ್ಜೆ! ಯಾರೂ ಹಿಡ್ಕೊಂಡಿರ್ಲಿಲ್ಲ! ಸೀದಾ ಹೋಗಿ ನಮ್ಮ ತಮ್ಮನ ತೊಡೆ ಮೇಲೆ ಬಿದ್ಳು! ಕೇಳಿಸ್ತಿದ್ಯಾ?"

ಕೇಳಿಸುತ್ತಿತ್ತು. ಫೋನನ್ನು ಕಿವಿಗೊತ್ತಿಕೊಂಡೇ, ಪಾಪ ಹಸಿದಿರುತ್ತವೆ ಎಂದು ಹಿತ್ತಲ ಬಾಗಿಲು ತೆರೆದೆ.

ಪೆಡಲಿನ ಮೇಲೆ ಹೆಡ್‌ಮಿಸ್ಟ್ರೆಸ್ ನಿಂತಿದ್ದಳು. ನಿಂತ ಠೀವಿ ನೋಡಿದರೆ ಅದು ಇವತ್ತಿನ ಅಭ್ಯಾಸವಲ್ಲ. ಮುಚ್ಚಳ ಪೂರ್ತಿ ಎದ್ದಿತ್ತು, ಐದೂ ಕೊಕ್ಕುಗಳು ಒಳಗಿದ್ದವು. ಹೊಟ್ಟೆ ತುಂಬಿದ ಒಬ್ಬಳು ಪಕ್ಕಕ್ಕೆ ಸರಿದಳು. ಆಗ ಅವಳಿಗೆ ನಾನು ಕಂಡೆ. 'ಕೊಕ್' ಎಂದಳು.

ಹೆಡ್‌ಮಿಸ್ಟ್ರೆಸ್ ತಿರುಗಿ ನನ್ನನ್ನು ನೋಡಿದಳು. ಅವಸರವಿಲ್ಲದೆ ಪೆಡಲಿನಿಂದ ಇಳಿದಳು. ಮುಚ್ಚಳ ಬಿತ್ತು. ಐದೂ ಸಾಲಾಗಿ ನಿಂತು ನನ್ನ ಬಲಗಾಲನ್ನು ನೋಡತೊಡಗಿದವು.

"ಏನ್ರೀ, ಮಾತೇ ಇಲ್ಲ? ಕೋಳಿಗಳು ಹೇಗಿವೆ?"

"ಹೇಗಿರ್ತವೆ," ಎಂದೆ. "ನಾನಿಲ್ದಿದ್ರೆ ಒಂದು ಕಾಳೂ ಮುಟ್ಟಲ್ಲ, ಪಾಪ. ನಾನು ಉಳ್ಕೊಂಡಿದ್ದು ಒಳ್ಳೇದೇ ಆಯ್ತು ನೋಡು."

ಹೇಳುತ್ತಾ ಹೋಗಿ ಪೆಡಲಿನ ಮೇಲೆ ಕಾಲಿಟ್ಟೆ.