ಉಂಡದ್ದು ಮೈಗೆ ಹತ್ತಬೇಕು

ಮುದುಕರಿಗೆ ಊಟ ಹಾಕುವ ಕಡೆ ನಗುವನ್ನು ಯಾರೂ ಕರೆಯಬೇಕಿಲ್ಲ, ಅದು ತಾನಾಗಿಯೇ ಬಂದು ಪಂಕ್ತಿಯಲ್ಲಿ ಕೂತುಬಿಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ, ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ, ಕೊಟ್ಟೂರಿನಲ್ಲಿ ಇಂಥದೊಂದು ಊಟದ ಮನೆ ನೋಡಿಕೊಳ್ಳುತ್ತಿದ್ದೆ. ಒಲೆ ಹಚ್ಚಿಕೊಳ್ಳುವ ತ್ರಾಣವಿಲ್ಲದ ಹಿರಿಯರು ಮಧ್ಯಾಹ್ನ ಬಂದು ಉಂಡು ಹೋಗುತ್ತಿದ್ದರು. ಅಕ್ಕಿ, ಬೇಳೆ, ಎಣ್ಣೆಯೆಲ್ಲ ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರದು. ಅವರಿಗೊಂದು ಕಿರಾಣಿ ಅಂಗಡಿಯೂ ಇತ್ತು. ತಾಯಿಯ ನೆನಪಿಗೆ ಧರ್ಮ ಮಾಡುತ್ತಿದ್ದರೂ ಲೆಕ್ಕದ ಮನುಷ್ಯ. ಮೊದಲ ದಿನವೇ ಕರಾರು ಹಾಕಿದರು.

"ಅಕ್ಕಾರ, ಉಂಡಿದ್ದು ಮೈಗೆ ಹತ್ತಬೇಕ್ರಿ. ತಿಂಗಳಾ ಡಾಕ್ಟ್ರು ಬಂದು ಎಲ್ಲಾರ್ನೂ ತೂಕ ಮಾಡ್ತಾರ. ದೀಪಾವಳಿ ತನಕ ನೋಡೂಣು. ತೂಕ ಏರಲಿಲ್ಲಾ, ಬಂದ್ ಮಾಡೂಣು."

ಬರುವವರಲ್ಲಿ ತಂಬ್ರಹಳ್ಳಿ ಅಜ್ಜಿ ಅಂತ ಒಬ್ಬಾಕೆ ಇದ್ದಳು. ತವರೂರಿನ ಹೆಸರೇ ಆಕೆಯ ಹೆಸರಾಗಿತ್ತು. ಅಲ್ಲಿಯವರೆಗೆ ಚಹಾ, ಬನ್ನಿನಲ್ಲೇ ದಿನ ನೂಕಿದ್ದವಳು. ಊಟದ ಮನೆ ಮುಚ್ಚಿದರೆ ಮತ್ತೆ ಬನ್ನೇ ಗತಿ.

ತಾಟಿನಲ್ಲಿ ರೊಟ್ಟಿ

ಹಲ್ಲಿಲ್ಲದವರೇ ಹೆಚ್ಚು, ಮೆತ್ತಗಿನ ಊಟ ಹಾಕಿ ಎಂದು ಡಾಕ್ಟರು ಹೇಳಿದ್ದರು. ಅದರಂತೆ ಅನ್ನ, ಬೇಳೆಸಾರು, ಬೇಯಿಸಿದ ಸೊಪ್ಪು. ಇಟ್ಟಿಗಿ ಊರಿನ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಅಜ್ಜನೊಬ್ಬ, ಬಾಯಲ್ಲಿ ಒಂದೂ ಹಲ್ಲಿಲ್ಲ, ತಾಟು ನೋಡಿದವನೇ ಎದ್ದು ನಿಂತ.

"ನಾನೇನು ಬಾಣಂತಿ ಅದೀನೇನವ್ವಾ? ಇದರಾಗ ರೊಟ್ಟಿ ಎಲ್ಲಿ?"

"ಅಜ್ಜಾ, ಹಲ್ಲು ಎಲ್ಲಿ?"

"ಹಲ್ಲಿನ ಚಿಂತಿ ನಂದು, ರೊಟ್ಟಿ ಚಿಂತಿ ನಿಂದು. ನಿಂದು ನೀ ನೋಡ್ಕ."

ಮರುದಿನ ಅಡಿಗೆಯಾಕೆ ಗೊಣಗುತ್ತಲೇ ಜೋಳದ ರೊಟ್ಟಿ ಬಡಿದಳು. ಅಜ್ಜ ರೊಟ್ಟಿಯನ್ನು ತಾಟಿನ ಅಂಚಿಗೆ ಎದ್ದು ಕಾಣುವ ಹಾಗೆ ಒರಗಿಸಿ, ಅನ್ನ ಸಾರು ಕಲಸಿ ನೆಮ್ಮದಿಯಾಗಿ ಉಂಡ. ರೊಟ್ಟಿ ಹಾಗೇ ಉಳಿಯಿತು. ಅದನ್ನು ಮಡಚಿ ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡು ಎದ್ದ. ನನಗೆ ಉರಿದುಹೋಯಿತು.

"ಮುಟ್ಟಲೇ ಇಲ್ಲಲ್ಲ ಅಜ್ಜಾ, ಮತ್ತ ಯಾಕ ಬೇಕಾಗಿತ್ತು?"

"ಅದು ತಿನ್ನಾಕಲ್ಲವ್ವಾ, ತಾಟಿನಾಗ ಇರಾಕ. ಹಾದ್ಯಾಗ ಹೋಗೋರು ನೋಡಿದ್ರ, ಮುದುಕ ಇನ್ನೂ ಗಟ್ಟಿ ಅದಾನ ಅನಬೇಕು."

ಹವಾಲ್ದಾರರ ಸೌಟು

ಬಡಿಸಲು ಕೈ ಸಾಲದೆ ಇದ್ದಾಗ ಪಕ್ಕದ ಮನೆಯ ನಿವೃತ್ತ ಹವಾಲ್ದಾರರು ತಾವಾಗಿಯೇ ಬಂದರು. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಕೇಳಿ ಹಾಕಿಸಿಕೊಳ್ಳುವುದು ಮರ್ಯಾದೆಯಲ್ಲ. ಬೇಡ ಬೇಡ ಅನ್ನುತ್ತ ತಾಟಿಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಆಯುಷ್ಯವೆಲ್ಲ ದಂಡಿನಲ್ಲಿ ಕಳೆದ ಹವಾಲ್ದಾರರಿಗೆ ಇದು ಮರೆತೇ ಹೋಗಿತ್ತು. ಬೇಡ ಅಂದರೆ ಬೇಡ, ಮುಂದಿನ ತಾಟಿಗೆ ನಡೆದುಬಿಟ್ಟರು. ಪಂಕ್ತಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದಿತು.

"ಮೇಡಂ, ಎಲ್ಲಾರ್ದೂ ಊಟ ಆತು. ಬೋಗುಣಿ ತುಂಬ ಅನ್ನ ಉಳದೈತಿ!" ಎಂದು ಅವರು ಎದೆ ಉಬ್ಬಿಸಿ ವರದಿ ಒಪ್ಪಿಸಿದರು.

ಹೊರಗೆ ಕಟ್ಟೆಯ ಮೇಲೆ ಇಡೀ ಪಂಕ್ತಿ ಹೊಟ್ಟೆ ಹಿಡಿದು ಕೂತಿತ್ತು. "ಎಂಥಾ ಮನಿಷಾನವ್ವಾ! ಒಮ್ಮೆ ಬ್ಯಾಡ ಅಂದ್ರ ಹೋಗೇಬಿಡ್ತಾನ!" ಎಂದಳು ತಂಬ್ರಹಳ್ಳಿ ಅಜ್ಜಿ.

ಎಲ್ಲರನ್ನೂ ಒಳಗೆ ಕರೆತಂದು ಮತ್ತೆ ಉಣ್ಣಿಸಿದೆ. ಹವಾಲ್ದಾರರಿಗೆ, "ಇನ್ನು ಮೇಲೆ ಅವರು ಬೇಡ ಅಂದಾಗೆಲ್ಲ ಹಾಕ್ರಿ" ಎಂದು ತಾಕೀತು ಮಾಡಿದೆ. ಆಜ್ಞೆಯನ್ನು ಅವರು ಅಕ್ಷರಶಃ ಪಾಲಿಸಿದರು. ಮರುದಿನ ಅಜ್ಜಿಗೆ ನಿಜವಾಗಿಯೂ ಹೊಟ್ಟೆ ತುಂಬಿತ್ತು. "ಬ್ಯಾಡಪ್ಪಾ" ಅಂದಳು, ಒಂದು ಸೌಟು ಬಿತ್ತು. "ಖರೇನ ಬ್ಯಾಡೋ ಮಾರಾಯಾ" ಅಂದಳು, ಇನ್ನೊಂದು ಬಿತ್ತು. ಕೊನೆಗೆ ತಾಟನ್ನೇ ಎತ್ತಿ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಆಕೆ ಅದನ್ನು ಹೊರಗೆ ತೆಗೆಯುವ ತನಕ ಹವಾಲ್ದಾರರು ಸೌಟು ಹಿಡಿದು ಅಟೆನ್ಷನ್‌ನಲ್ಲಿ ನಿಂತೇ ಇದ್ದರು.

ಸಪ್ಪನೆಯ ಸಾಲು

ಬಿಪಿ ಇದ್ದವರಿಗೆ ಉಪ್ಪು ಕಡಿಮೆ ಇರಲಿ ಎಂದು ಡಾಕ್ಟರು ಇನ್ನೊಂದು ಕಟ್ಟಳೆ ಮಾಡಿದರು. ಸಪ್ಪನೆಯ ಸಾರು ಬೇರೆ ಮಾಡಿಸಿ, ಅದಕ್ಕೆ ಕಿಟಕಿಯ ಪಕ್ಕ ಬೇರೆ ಸಾಲು ಹಾಕಿದೆವು. ಮೊದಲ ದಿನ ಕೂತವರು ಎರಡನೆಯ ದಿನ ಅತ್ತ ಸುಳಿಯಲಿಲ್ಲ. ಕರೆದರೆ ಒಬ್ಬೊಬ್ಬರದೂ ಒಂದೊಂದು ನೆಪ.

"ನನ್ನ ಬಿಪಿ ನಿನ್ನಿನ ಸಾರು ಕುಡದು ಹೆದರಿ ಓಡಿ ಹೋಗೇತ್ರಿ" ಎಂದ ಇಟ್ಟಿಗಿ ಅಜ್ಜ.

ಡಾಕ್ಟರಿಗೆ ಹೇಳಿಕಳಿಸಿದೆ. ಒಳ್ಳೆಯ ಹುಡುಗ, ಪಾಪ, ತಾನೇ ಉಂಡು ತೋರಿಸುತ್ತೇನೆ ಅಂತ ಬಂದರು. ಸಪ್ಪನೆಯ ಸಾಲಿನಲ್ಲಿ ಒಬ್ಬರೇ ಚಕ್ಕಳಮಕ್ಕಳ ಹಾಕಿ ಕೂತು, "ನಾಲಿಗಿಗೆ ರೂಢಿ ಆದ್ರ ಇದೂ ರುಚಿನೇ ಆಗತೈತಿ" ಎಂದು ಭಾಷಣ ಬಿಗಿದು ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಆಮೇಲೆ, "ಇಲ್ಲಿ ಬಿಸಿಲು ಭಾಳ ಐತಿ" ಎಂದು ತಾಟು ಎತ್ತಿಕೊಂಡು ಬಂದು ಉಪ್ಪಿನ ಸಾಲಿನಲ್ಲಿ ಅಜ್ಜನ ಪಕ್ಕ ಕೂತರು.

ಇಳಿದ ತೂಕ

ಇಷ್ಟೆಲ್ಲ ಉಣ್ಣಿಸಿದ ಮೇಲೆ ತೂಕದ ದಿನ ಬಂತು. ನೋಡಿದರೆ ಎಲ್ಲರದೂ ಮೊದಲಿಗಿಂತ ಇಳಿದಿದೆ! ಸಾಹುಕಾರರು ಅಡಿಗೆಯಾಕೆಯ ಕಡೆ ಕೆಕ್ಕರಿಸಿ ನೋಡಿದರು. "ನಾ ಕೊಟ್ಟ ಎಣ್ಣಿ ಯಾರ ಮೈಗೆ ಹತ್ತೇತ್ರಿ ಹಂಗಾದ್ರ? ಇನ್ನೊಂದು ಸಲ ನೋಡತೀನಿ, ಅದ ಕಡೀದು." ಅಡಿಗೆಯಾಕೆ ಕಣ್ಣೀರು ಹಾಕಿದಳು.

ಅವರು ಹೋದ ಮೇಲೆ ಅಜ್ಜಿಯನ್ನು ಮೂಲೆಗೆ ಕರೆದು ಕೇಳಿದೆ. ಆಕೆ ಗುಟ್ಟಾಗಿ ಹೇಳಿದಳು.

"ತೂಕ ಏರಿದ್ರ, ಮುದುಕಿ ಗಟ್ಟಿ ಆದ್ಳು, ಇನ್ನ ಊಟ ಯಾಕ ಅಂತ ಬಿಡಸ್ತೀರಿ ಅಂದ್ಕಂಡ್ವಿ. ಅದಕ್ಕ ಎಲ್ಲಾರೂ ಮಾತಾಡ್ಕಂಡು ನಿನ್ನಿಲಿಂದ ಉಪಾಸ ಅದೀವಿ."

ಹಿಂದಿನ ದಿನ ಊಟದ ಮನೆಗೆ ಯಾರೂ ಬಾರದೆ ಇದ್ದದ್ದು ಆಗ ನೆನಪಾಯಿತು. ಯಾರದೋ ಮದುವೆ ಊಟ ಇರಬೇಕು ಅಂದುಕೊಂಡಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರನ್ನೂ ಕೂರಿಸಿ, ತೂಕ ಏರಿದರೇ ಊಟ, ಇಳಿದರೆ ಬಾಗಿಲಿಗೆ ಬೀಗ ಎಂದು ಬಿಡಿಸಿ ಹೇಳಿದೆ. ಇಟ್ಟಿಗಿ ಅಜ್ಜ ತಲೆಯ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟ.

"ಮೊದ್ಲ ಹೇಳಬಾರದೇನವ್ವಾ? ತೂಕ ಇಳೀಲಿ ಅಂತ ಬೆಳಿಗ್ಗೆ ಕಟಿಂಗ್ ಅಂಗಡ್ಯಾಗ ತಲಿ ಬೋಳಿಸ್ಕಂಡು ಬಂದೀನಿ."

ಏರಿದ ತೂಕ

ಕೊನೆಯ ತೂಕದ ದಿನ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು. ಡಾಕ್ಟರ ಯಂತ್ರದ ಮೇಲೆ ಮೊದಲು ಹತ್ತಿದವಳು ತಂಬ್ರಹಳ್ಳಿ ಅಜ್ಜಿ. ಮುಳ್ಳು ಸರ್ರನೆ ಏರಿತು. ನಾನು ದೇವರಿಗೆ ಕೈ ಮುಗಿದೆ. ಸಾಹುಕಾರರು ಮೀಸೆ ತಿರುವಿದರು.

"ನೋಡಿದ್ರೇನು ನಮ್ಮ ಶೇಂಗಾ ಎಣ್ಣಿ ತಾಕತ್ತು!"

ಅಜ್ಜಿ ಹಿಗ್ಗಿನಿಂದ ಕೆಳಗಿಳಿದಳು. ಇಳಿದ ರಭಸಕ್ಕೆ ಸೀರೆಯ ಒಳಗಿನಿಂದ ಏನೋ ಧಡ್ ಎಂದು ಬಿದ್ದು ಸಾಹುಕಾರರ ಕಾಲ ಬಳಿ ಹೋಗಿ ನಿಂತಿತು. ಐದು ಕಿಲೋದ ಕಬ್ಬಿಣದ ತೂಕದ ಕಲ್ಲು. ಮೇಲೆ ಅವರದೇ ಅಂಗಡಿಯ ಕೆಂಪು ಬಣ್ಣದ ಗುರುತು. ಹುಣಸೆಹಣ್ಣು ತೂಗಿ ವಾಪಸು ಕೊಡುತ್ತೇನೆ ಅಂತ ಅಂಗಡಿಯ ಗುಮಾಸ್ತನ ಹತ್ತಿರ ಇಸಗೊಂಡು ಬಂದಿದ್ದಳಂತೆ.

ಸಾಹುಕಾರರ ಮುಖ ಕೆಂಪಗಾಯಿತು. "ನನ್ನ ಅಂಗಡಿ ಕಲ್ಲಿನಾಗ ನನಗ ಮೋಸ! ಐದು ಕಿಲೋ ಸುಳ್ಳು! ಸಾಕ್ರಿ ಅಕ್ಕಾರ, ನಾಳಿಂದ ಬಂದ್!"

ಪಂಕ್ತಿಯೆಲ್ಲ ತಲೆ ತಗ್ಗಿಸಿತು. ಡಾಕ್ಟರು ಮಾತ್ರ ಅಜ್ಜಿಯ ತೂಕದಲ್ಲಿ ಕಲ್ಲಿನದನ್ನು ಕಳೆಯೋಣ ಅಂತ ಅದನ್ನು ಎತ್ತಿ ಯಂತ್ರದ ಮೇಲಿಟ್ಟರು. ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಸಾಹುಕಾರ್ರ, ಇದು ನಾಕ ಕಿಲೋ ತೋರಸಾಕತ್ತೈತಲ್ರಿ."

"ನಿಮ್ಮ ಮಿಷನ್ ಕೆಟ್ಟೈತಿ ಬಿಡ್ರಿ!"

"ಕೆಟ್ಟಿದ್ರ ಇವರ ತೂಕ ಇಳಿದದ್ದೂ ಸುಳ್ಳಾಗತೈತಿ. ಊಟ ಯಾಕ ಬಂದ್ ಮಾಡ್ತೀರಿ? ಕೆಟ್ಟಿಲ್ಲಾ ಅಂದ್ರ..." ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು.

ಸಾಹುಕಾರರು ಒಮ್ಮೆ ಯಂತ್ರ ನೋಡಿದರು, ಒಮ್ಮೆ ಕಲ್ಲು ನೋಡಿದರು. ಅಂಗಳದ ಗೋಡೆಯ ಮೇಲಿಂದ ಆಗಲೇ ನಾಲ್ಕಾರು ತಲೆ ಇಣುಕುತ್ತಿದ್ದವು.

"ಮಿಷನ್ನ ಕೆಟ್ಟೈತ್ರಿ," ಎಂದರು ಸಣ್ಣ ದನಿಯಲ್ಲಿ. "ಊಟ ನಡೀಲಿ. ಇನ್ನ ಮ್ಯಾಲೆ ಇಲ್ಲಿ ಯಾರೂ ಏನೂ ತೂಗೋದು ಬ್ಯಾಡ."

ನಾನು ಅಲ್ಲೇ ಕುಸಿದು ಕೂತು ನಕ್ಕೆ. ತಂಬ್ರಹಳ್ಳಿ ಅಜ್ಜಿ ಬಗ್ಗಿ ಆ ಕಲ್ಲನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿ ಸಾಹುಕಾರರ ಕೈಗಿಟ್ಟು ಕಕ್ಕುಲಾತಿಯಿಂದ ಹೇಳಿದಳು.

"ನಾಳಿಂದ ಇದನ್ನೂ ಊಟಕ್ಕ ಕಳಸಪ್ಪಾ. ಭಾಳ ಸೊರಗೈತಿ."